ಸಹಾಯ ಬೇಕು: ಬದಲಾದ ಮೇಲೆ ನನ್ನ ಪಾತ್ರ ಸಪ್ಪೆಯಾಗ್ತಿದೆ

ಎಲ್ಲರಿಗೂ ನಮಸ್ಕಾರ. ಕಾದಂಬರಿ ಒಂದು ಬರೀತಿದೀನಿ, ಮುಕ್ಕಾಲು ಭಾಗ ಮುಗಿದು ಅಲ್ಲೇ ಸಿಕ್ಕಾಕೊಂಡಿದೆ.

ನಾಯಕ ರುದ್ರಪ್ಪ, ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನವರಿಗೆ ದಿನದ ಬಡ್ಡಿಗೆ ಸಾಲ ಕೊಡೋನು. ಬೆಳಗಿನ ಜಾವ 900 ಕೊಟ್ಟು ಸಂಜೆ 1000 ವಸೂಲಿ ಮಾಡೋ ಮನುಷ್ಯ. ಕೊನೆಗೆ ಆ ದಂಧೆ ಬಿಡ್ತಾನೆ.

ಮೊದಲು ಮಗಳಿಗೆ ಕಾಯಿಲೆ ತಂದು ನೋಡಿದೆ, ಧಾರಾವಾಹಿ ಥರ ಆಯ್ತು, ತೆಗೆದೆ. ಆಮೇಲೆ ಸಣ್ಣ ಸಣ್ಣ ಘಟನೆ ಜೋಡಿಸಿದೆ. ಮಲ್ಲಿಗೆ ಮಾರೋ ಅಜ್ಜಿಗೆ ಒಂದು ದಿನದ ಬಡ್ಡಿ ಬಿಡ್ತಾನೆ, ಮರುದಿನ ಅದೇ ಸಿಟ್ಟಿಗೆ ಇನ್ನೊಬ್ಬರ ಹತ್ರ ಜಾಸ್ತಿ ಕೀಳ್ತಾನೆ. ಈ ಹಿಂದೆ-ಮುಂದೆ ನನಗೆ ತುಂಬಾ ಇಷ್ಟ. ಜನ ಬದಲಾಗೋದೇ ಹೀಗೆ ಅಂತ ನಂಬಿದೀನಿ. ಪುರಂದರದಾಸರ ಕಥೆಯಲ್ಲಿ ಮೂಗುತಿ ಪ್ರಸಂಗ ಆಗಿದ್ದೇ ತಡ, ಜಿಪುಣ ಶ್ರೀನಿವಾಸ ನಾಯಕರು ಎಲ್ಲ ಬಿಟ್ಟು ಹೊರಟುಬಿಡ್ತಾರೆ. ಅಲ್ಲಿ ಭಕ್ತಿ ಇದೆ, ಒಂದೇ ಏಟಿಗೆ ಒಪ್ಕೋತೀವಿ. ರುದ್ರಪ್ಪನಿಗೆ ದೇವರು ದಿಂಡರು ಇಲ್ಲ.

ಗೊಂದಲ ಇರೋದು ಬದಲಾದ ಮೇಲಿನ ಅಧ್ಯಾಯಗಳಲ್ಲಿ. ಮಾತಿನ ಚುರುಕು, ಲೆಕ್ಕದ ಹುಚ್ಚು, ಗದರೋ ದನಿ ಎಲ್ಲ ಉಳಿಸಿದ್ರೆ, ಓದಿದ ಗೆಳತಿ "ಇವನೆಲ್ಲಿ ಬದಲಾದ?" ಅಂತಾಳೆ. ತೆಗೆದ್ರೆ ಅವನು ರುದ್ರಪ್ಪನೇ ಅಲ್ಲ, ಯಾರೋ ಒಬ್ಬ ಒಳ್ಳೆಯವನು.

ಕಥೆ ಬರೆದು ಅನುಭವ ಇರೋರು ದಯವಿಟ್ಟು ಹೇಳಿ: ಪಾತ್ರ ಬದಲಾದ ಮೇಲೆ ಹಳೇ ಸ್ವಭಾವದಲ್ಲಿ ಏನನ್ನ ಉಳಿಸ್ತೀರ, ಏನನ್ನ ಬಿಡ್ತೀರ? ಆ ವ್ಯತ್ಯಾಸ ಓದೋರಿಗೆ ಕಾಣೋ ಹಾಗೆ ಯಾವ ಥರದ ದೃಶ್ಯ ಬರೀತೀರ?