‘ಅಹೋ ರೂಪಮಹೋ ಧ್ವನಿಃ’ ಎಂಬ ಮಾತಿನ ಅರ್ಥ ಮತ್ತು ಬಳಕೆ

ಪ್ರಶ್ನೆ:
ಪುಸ್ತಕ ಬಿಡುಗಡೆಯ ಸಮಾರಂಭವೊಂದರಲ್ಲಿ ಲೇಖಕರು ಮುನ್ನುಡಿಕಾರರನ್ನೂ, ಮುನ್ನುಡಿಕಾರರು ಲೇಖಕರನ್ನೂ ಪೈಪೋಟಿಯ ಮೇಲೆ ಕೊಂಡಾಡುತ್ತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಅಹೋ ರೂಪಂ, ಅಹೋ ಧ್ವನಿ’ ಎಂದು ನಕ್ಕರು. ಈ ಮಾತಿನ ಪೂರ್ಣ ಪಾಠ ಯಾವುದು? ಒಬ್ಬರನ್ನೊಬ್ಬರು ನಿಜವಾಗಿಯೂ ಗೌರವಿಸುವ ಇಬ್ಬರು ವಿದ್ವಾಂಸರ ಬಗ್ಗೆ ಇದನ್ನು ಬಳಸಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಇದು ಸಂಸ್ಕೃತ ಸುಭಾಷಿತವೊಂದರ ಕೊನೆಯ ಪಾದ.

ಉಷ್ಟ್ರಾಣಾಂ ಚ ವಿವಾಹೇಷು ಗೀತಂ ಗಾಯಂತಿ ಗರ್ದಭಾಃ |
ಪರಸ್ಪರಂ ಪ್ರಶಂಸಂತಿ ಅಹೋ ರೂಪಮಹೋ ಧ್ವನಿಃ ||

ಒಂಟೆಗಳ ಮದುವೆಯಲ್ಲಿ ಕತ್ತೆಗಳದು ಸಂಗೀತ ಕಚೇರಿ. ಕತ್ತೆಗಳು ‘ಆಹಾ, ಏನು ರೂಪ!’ ಎಂದು ಒಂಟೆಗಳನ್ನು ಹೊಗಳಿದರೆ, ಒಂಟೆಗಳು ‘ಆಹಾ, ಏನು ಕಂಠ!’ ಎಂದು ಕತ್ತೆಗಳನ್ನು ಹೊಗಳುತ್ತವೆ. ಒಂಟೆಯ ನಡಿಗೆಯನ್ನೋ ಕತ್ತೆಯ ದುಡಿಮೆಯನ್ನೋ ಮೆಚ್ಚಿದ್ದರೆ ಅದರಲ್ಲಿ ನಗುವಂಥದ್ದು ಏನೂ ಇರುತ್ತಿರಲಿಲ್ಲ. ಯಾರಲ್ಲಿ ಯಾವುದು ಇಲ್ಲವೋ ಸರಿಯಾಗಿ ಅದನ್ನೇ ಹುಡುಕಿ ಹೊಗಳುವುದರಲ್ಲಿ ಪದ್ಯದ ಚುರುಕು ಇದೆ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಖಂಡಿತ ಬಳಸಬಾರದು ಎಂಬುದೇ. ಅವರಲ್ಲಿ ಒಬ್ಬರಿಗೆ ಶ್ಲೋಕ ಪೂರ್ತಿ ಗೊತ್ತಿದ್ದರೆ, ತಾನು ಒಂಟೆಯೋ ಕತ್ತೆಯೋ ಎಂದು ಕೇಳಿಯಾರು!

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಕನ್ನಡದ ಬಳಕೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಮಾತನಾಡುವಾಗ ನಾವು ವಿಸರ್ಗವನ್ನು ಬಿಟ್ಟು ‘ಧ್ವನಿ’ ಎನ್ನುತ್ತೇವೆ. ಇಡೀ ಪಾದವನ್ನೇ ನಾಮಪದದಂತೆ ಮಾಡಿಕೊಂಡು ‘ಅವರಿಬ್ಬರದು ಬರೀ ಅಹೋ ರೂಪಂ ಅಹೋ ಧ್ವನಿ’ ಎನ್ನುವುದೂ ಉಂಟು. ಈ ಮಾತು ಸಲ್ಲಬೇಕಾದರೆ ಹೊಗಳಿಕೆ ಎರಡೂ ಕಡೆಯಿಂದ ಬರಬೇಕು. ಅಧಿಕಾರದಲ್ಲಿರುವವರನ್ನು ಕೆಳಗಿನವರು ಹೊಗಳುತ್ತಲೇ ಇದ್ದು ಮೇಲಿನವರು ಸುಮ್ಮನಿದ್ದರೆ ಅದು ಹೊಗಳುಭಟ್ಟತನ, ಇಂದಿನ ಆಡುಮಾತಿನಲ್ಲಿ ಬಕೆಟ್ ಹಿಡಿಯುವುದು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನೂ ಕೆಲವರು ಇದರ ಜೊತೆಗೆ ಸೇರಿಸುತ್ತಾರೆ, ಆದರೆ ಅಲ್ಲಿರುವುದು ಕುರುಡಾದರೂ ನಿಜವಾದ ಪ್ರೀತಿ; ಇಲ್ಲಿರುವುದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ನೀನು ನನ್ನ ಕವನಸಂಕಲನವನ್ನು ವಿಮರ್ಶಿಸು, ನಾನು ನಿನ್ನ ಹೆಸರನ್ನು ಪ್ರಶಸ್ತಿಗೆ ಸೂಚಿಸುತ್ತೇನೆ ಎಂಬಂಥ ಒಳ ಒಪ್ಪಂದಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ತೋರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹೊಗಳಿಸಿಕೊಂಡವರೇ ವಿನೋದಕ್ಕಾಗಿ ಈ ಮಾತನ್ನು ಹೇಳಿಕೊಳ್ಳಬಹುದೇ? ನಿಜವಾದ ಪರಸ್ಪರ ಗೌರವಕ್ಕೆ ಬೇರೆ ಮಾತಿದೆಯೇ?

ಉತ್ತರ 3:
ಹೇಳಿಕೊಳ್ಳಬಹುದು. ‘ನಾನೂ ಅವರನ್ನು ಹೊಗಳಿದರೆ ಅಹೋ ರೂಪಂ ಅಹೋ ಧ್ವನಿ ಆದೀತು, ಆದರೂ ಒಂದು ಮಾತು ಹೇಳಲೇಬೇಕು’ ಎಂದು ಪೀಠಿಕೆ ಹಾಕುವ ಭಾಷಣಕಾರರಿದ್ದಾರೆ. ಕುಹಕಿಗಳ ಬಾಯಿಯನ್ನು ಮೊದಲೇ ಮುಚ್ಚಿಸುವ ಜಾಣ್ಮೆ ಅದು. ಆದರೆ ಮೂರನೆಯವರ ಬಗ್ಗೆ, ಅದೂ ಬರವಣಿಗೆಯಲ್ಲಿ, ಹೇಳಿದಾಗ ಅದು ಕಟುವಾದ ಟೀಕೆಯೇ ಆಗುತ್ತದೆ.

ನಿಜವಾದ ಗೌರವಕ್ಕೆ ‘ವಿದ್ವಾನೇವ ವಿಜಾನಾತಿ ವಿದ್ವಜ್ಜನಪರಿಶ್ರಮಮ್’ ಎಂಬುದು ಒಪ್ಪುತ್ತದೆ. ವಿದ್ವಾಂಸರ ಪರಿಶ್ರಮವನ್ನು ವಿದ್ವಾಂಸನೇ ಬಲ್ಲ ಎಂದು ಅದರ ಅರ್ಥ. ಆ ಶ್ಲೋಕದ ಉತ್ತರಾರ್ಧವು ಬಂಜೆಗೆ ಹೆರಿಗೆಯ ನೋವು ತಿಳಿಯದು ಎನ್ನುತ್ತದೆ. ಸಭೆಯಲ್ಲಿ ಯಾರ ಮನಸ್ಸನ್ನಾದರೂ ಅದು ನೋಯಿಸಬಹುದಾದ್ದರಿಂದ ಪೂರ್ವಾರ್ಧವನ್ನಷ್ಟೇ ಉದ್ಧರಿಸುವುದು ಲೇಸು.