ವಾಷಿಂಗ್ಟನ್ ಎಂಬ ಮನೆತನದ ಹೆಸರು ಯಾವ ಊರಿನದು, ಯಾರ ಯಾರ ಪಾಲಿಗೆ ಬಂತು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷರ ಮನೆತನದ ಹೆಸರುಗಳಲ್ಲಿ ಬಹಳಷ್ಟು ಮೂಲತಃ ಊರಿನ ಹೆಸರುಗಳೇ ಎಂದು ತಿಳಿದಂದಿನಿಂದ, ಪರಿಚಿತ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದೇನೆ. ನ್ಯೂಟನ್ ಎಂದರೆ ಹೊಸ ಊರು, ಸಟನ್ ಎಂದರೆ ತೆಂಕಣ ಊರು. ಇವು ಸುಲಭವಾಗಿ ಬಿಡಿಸಿಕೊಂಡವು. ವಾಷಿಂಗ್ಟನ್ ಎಂಬಲ್ಲಿ ಮಾತ್ರ ತಡೆದು ನಿಂತಿದ್ದೇನೆ. ಇಂಗ್ಲೆಂಡಿನ ಈಶಾನ್ಯದಲ್ಲಿ ಆ ಹೆಸರಿನ ಊರೊಂದಿದೆ ಎಂದು ನಕ್ಷೆಯಲ್ಲಿ ಕಂಡೆ. ಅಮೆರಿಕದ ಮೊದಲ ಅಧ್ಯಕ್ಷರ ಗೌರವಾರ್ಥವಾಗಿ ಆ ಊರಿಗೆ ಹೆಸರಿಟ್ಟರೋ, ಅಥವಾ ಅಧ್ಯಕ್ಷರ ಮನೆತನಕ್ಕೇ ಆ ಊರಿನಿಂದ ಹೆಸರು ಬಂತೋ?

ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತಿದೆ. ಇಪ್ಪತ್ತನೆಯ ಶತಮಾನದ ಪ್ರಸಿದ್ಧ ವಾಷಿಂಗ್ಟನ್‌ಗಳನ್ನು ನೆನಪಿಸಿಕೊಂಡರೆ ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್, ಗಾಯಕಿ ಡೈನಾ ವಾಷಿಂಗ್ಟನ್, ಷಿಕಾಗೋ ನಗರದ ಮೇಯರ್ ಆಗಿದ್ದ ಹೆರಾಲ್ಡ್ ವಾಷಿಂಗ್ಟನ್, ನಟ ಡೆಂಜೆಲ್ ವಾಷಿಂಗ್ಟನ್ ಹೀಗೆ ಕಪ್ಪು ಅಮೆರಿಕನ್ನರ ಹೆಸರುಗಳೇ ಮುಂದೆ ಬರುತ್ತವೆ. ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು ಇವರಿಗೆ ಸೇರಿದ ಬಗೆ ಯಾವುದು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ 1

ಊರೇ ಮೊದಲು, ಮನೆತನ ಆಮೇಲಿನದು. ಡರಮ್ ಪ್ರಾಂತ್ಯದ ಈ ವಾಷಿಂಗ್ಟನ್ ಇಂದು ಸಂಡರ್ಲೆಂಡ್ ನಗರಾಡಳಿತದ ವ್ಯಾಪ್ತಿಯಲ್ಲಿದೆ. ಕಲ್ಲಿದ್ದಲ ಗಣಿಗಳ ನೆರೆಯಲ್ಲಿ ಬೆಳೆದ ಈ ಊರನ್ನು 1964ರಲ್ಲಿ ಸರ್ಕಾರ ಯೋಜಿತ ಹೊಸ ಪಟ್ಟಣವೆಂದು ಘೋಷಿಸಿತು. ಆದರೆ ಅದರ ಹೆಸರು ಹನ್ನೆರಡನೆಯ ಶತಮಾನದ ದಾಖಲೆಯಲ್ಲೇ ಇದೆ. ಹೆಸರಿನ ಕೊನೆಯ ‘ಟನ್’ ಹಳೆಯ ಇಂಗ್ಲಿಷಿನ ‘ಟೂನ್’. ಬೇಲಿ ಹಾಕಿದ ಹೊಲಮನೆ, ಮುಂದೆ ಊರು ಎಂಬ ಅರ್ಥದ್ದು. ನಡುವಿನ ‘ಇಂಗ್’ ಒಬ್ಬ ವ್ಯಕ್ತಿಗೆ ಅಥವಾ ಅವನ ಬಳಗಕ್ಕೆ ಸೇರಿದ್ದು ಎಂದು ಸೂಚಿಸುತ್ತದೆ. ಮೊದಲ ಭಾಗದಲ್ಲಿರುವುದು ವಾಸ್ಸ ಅಥವಾ ಹ್ವಾಸ ಎಂಬಂಥ ಒಬ್ಬ ಆಂಗ್ಲೋ-ಸ್ಯಾಕ್ಸನ್ ಗೃಹಸ್ಥನ ಹೆಸರು. ಹಾಗಾಗಿ ಇದು ‘ವಾಸ್ಸನವರ ಹೊಲಮನೆ’. ಬಟ್ಟೆ ಒಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮನೆತನದ ಕಥೆ ಆರಂಭವಾಗುವುದು ಒಂದು ಭೂಮಿಯ ಅದಲುಬದಲಿನಿಂದ, ಮತ್ತು ಅದನ್ನು ನಾವು ಬಹುಮಟ್ಟಿಗೆ ಕಣ್ಣಾರೆ ಕಾಣಬಹುದು. ಡರಮ್‌ನ ಬಿಷಪ್ ತನ್ನ ಒಡೆತನದ ಹಳ್ಳಿಗಳಿಂದ ಯಾವ ಯಾವ ಗೇಣಿ, ಯಾವ ಯಾವ ಸೇವೆ ಸಲ್ಲಬೇಕೆಂದು 1183ರಲ್ಲಿ ಬರೆಸಿದ ಲೆಕ್ಕದ ಪುಸ್ತಕವನ್ನು ಬೋಲ್ಡನ್ ಬುಕ್ ಎನ್ನುತ್ತಾರೆ. ಹಾರ್ಟ್‌ಬರ್ನ್‌ನ ವಿಲಿಯಮ್ ತನ್ನ ಹಾರ್ಟ್‌ಬರ್ನ್ ಹಳ್ಳಿಯನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ವಾಷಿಂಗ್ಟನ್ ಅನ್ನು ಪಡೆದಿದ್ದಾನೆ, ಇಗರ್ಜಿ ಮತ್ತು ಇಗರ್ಜಿಯ ಭೂಮಿ ಅದರಲ್ಲಿ ಸೇರಿಲ್ಲ, ಅವನು 4 ಪೌಂಡ್ ಸಲ್ಲಿಸಬೇಕು ಮತ್ತು ಬಿಷಪ್ಪನ ದೊಡ್ಡ ಬೇಟೆಗೆ 4 ಗ್ರೇಹೌಂಡ್ ನಾಯಿಗಳೊಡನೆ ಹೋಗಬೇಕು ಎಂಬುದು ಅಲ್ಲಿನ ನಮೂದು. ಈ ವಿಲಿಯಮ್‌ನ ಮನೆಯವರೇ ಮುಂದೆ ‘ಡಿ ವೆಸಿಂಗ್ಟನ್’ ಎಂದು, ಅಂದರೆ ವಾಷಿಂಗ್ಟನ್‌ನವರು ಎಂದು ಕರೆಸಿಕೊಂಡರು. ಭೂಮಿ ಬದಲಾದಾಗ ಹೆಸರೂ ಬದಲಾಯಿತು. ಆ ಅದಲುಬದಲು ನಡೆಯದೆ ಹೋಗಿದ್ದರೆ ಅಮೆರಿಕದ ರಾಜಧಾನಿಯ ಹೆಸರು ಹಾರ್ಟ್‌ಬರ್ನ್ ಎಂದಾಗುತ್ತಿತ್ತೋ ಏನೋ! ನನಗೆ ಇದರಲ್ಲಿ ಮುಖ್ಯವೆನಿಸುವುದು, ಆ ಕಾಲಕ್ಕೆ ಇಂಥ ಹೆಸರು ಇನ್ನೂ ವಂಶದ ಗುರುತಾಗಿ ಗಟ್ಟಿಗೊಂಡಿರಲಿಲ್ಲ, ಅದು ಒಡೆತನದ ವಿಳಾಸವಾಗಿತ್ತು ಎಂಬ ಸಂಗತಿ. ಭೂಮಿ ಕೈಬಿಟ್ಟ ಮೇಲೂ ಹೆಸರು ಉಳಿದಾಗ ಮಾತ್ರ ಅದು ನಿಜವಾಗಿ ಮನೆತನದ ಹೆಸರಾಯಿತು. ‘ಡಿ’ ಎಂಬ ಪ್ರತ್ಯಯ ಕ್ರಮೇಣ ಉದುರಿಹೋಯಿತು.

ಆ ಮನೆತನದಲ್ಲಿ ಮೊದಲು ಹೆಸರು ಮಾಡಿದವರಲ್ಲಿ ಒಬ್ಬ ಜಾನ್ ವೆಸಿಂಗ್ಟನ್. ಇವನು 1416ರಿಂದ 1446ರವರೆಗೆ ಡರಮ್ ಕ್ಯಾಥೆಡ್ರಲ್‌ನ ಸನ್ಯಾಸಿಮಠದ ಮುಖ್ಯಸ್ಥನಾಗಿದ್ದ.

ಉತ್ತರ 2

ಮೇಲಿನವರು ಡರಮ್‌ನ ಭಾಗವನ್ನು ಚೆನ್ನಾಗಿ ಬರೆದಿದ್ದಾರೆ. ಅಲ್ಲಿಂದ ವರ್ಜೀನಿಯಾದವರೆಗಿನ ದಾರಿಯನ್ನು ನಾನು ಸೇರಿಸುತ್ತೇನೆ. ಮನೆತನದ ಒಂದು ಕವಲು ಲ್ಯಾಂಕಷೈರಿನ ವಾರ್ಟನ್‌ಗೆ ಹೋಯಿತು. ಅದೇ ಕವಲಿನ ಲಾರೆನ್ಸ್ ವಾಷಿಂಗ್ಟನ್ ನಾರ್ಥಾಂಪ್ಟನ್‌ನಲ್ಲಿ ಉಣ್ಣೆಯ ವ್ಯಾಪಾರಿಯಾಗಿ, ಎರಡು ಬಾರಿ ಆ ಪಟ್ಟಣದ ಮೇಯರ್ ಆಗಿ ಬೆಳೆದ. ಎಂಟನೆಯ ಹೆನ್ರಿ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಮಾರಿದಾಗ, 1539ರಲ್ಲಿ ಸಲ್ಗ್ರೇವ್ ಎಂಬ ಹಳ್ಳಿಯ ಜಮೀನನ್ನು ಕೊಂಡು ಅಲ್ಲಿ ಮನೆ ಕಟ್ಟಿಸಿದವನೂ ಅವನೇ. ಆ ಮನೆ ಇಂದಿಗೂ ಇದೆ.

ಅವನ ವಂಶದವರಲ್ಲಿ ಅದೇ ಹೆಸರಿನ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್ ಪ್ರಾಂತ್ಯದ ಪರ್ಲಿಯಲ್ಲಿ ಪಾದ್ರಿಯಾಗಿದ್ದ. ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ, 1643ರಲ್ಲಿ, ಹೆಂಡದಂಗಡಿಗಳಲ್ಲಿ ಕಾಲ ಕಳೆಯುತ್ತಾನೆಂಬ ಆರೋಪ ಹೊರಿಸಿ ಪಾರ್ಲಿಮೆಂಟಿನ ಪಕ್ಷದವರು ಅವನನ್ನು ಹುದ್ದೆಯಿಂದ ತೆಗೆದರು. ಹೀಗೆ ನೆಲೆ ತಪ್ಪಿದ ಮನೆಯ ಹಿರಿಯ ಮಗ ಜಾನ್ ಹಡಗಿನ ಕೆಲಸ ಹಿಡಿದು ವರ್ಜೀನಿಯಾಕ್ಕೆ ಹೋದ. ತಂಬಾಕು ತುಂಬಿಕೊಂಡು ಹಿಂದಿರುಗಬೇಕಿದ್ದ ಹಡಗು 1657ರ ಆರಂಭದಲ್ಲಿ ಪೊಟೊಮ್ಯಾಕ್ ನದಿಯಲ್ಲಿ ನೆಲಕ್ಕೆ ಕಚ್ಚಿಕೊಂಡಿತು. ಜಾನ್ ಅಲ್ಲಿಯೇ ಉಳಿದ, ಅಲ್ಲಿಯೇ ಮದುವೆಯಾದ. ಜಾರ್ಜ್ ವಾಷಿಂಗ್ಟನ್ ಅವನ ಮರಿಮಗನ ತಲೆಮಾರಿನವರು. ಇಂದಿನ ರಾಜಧಾನಿ ಇರುವುದೂ ಅದೇ ಪೊಟೊಮ್ಯಾಕ್ ದಂಡೆಯಲ್ಲಿ.

ಒಂದು ತಪ್ಪು ನಂಬಿಕೆಯನ್ನು ಇಲ್ಲಿಯೇ ತಿದ್ದುವುದು ಒಳ್ಳೆಯದು. ಈ ಮನೆತನದ ಲಾಂಛನದಲ್ಲಿ ಬಿಳಿಯ ನೆಲದ ಮೇಲೆ ಎರಡು ಕೆಂಪು ಪಟ್ಟೆಗಳೂ ಮೇಲ್ಭಾಗದಲ್ಲಿ ಮೂರು ಕೆಂಪು ನಕ್ಷತ್ರಗಳೂ ಇವೆ. ಅಮೆರಿಕದ ರಾಷ್ಟ್ರಧ್ವಜ ಇದರಿಂದಲೇ ಬಂತೆಂದು ಅನೇಕರು ಬರೆಯುತ್ತಾರೆ; ಅದಕ್ಕೆ ಧ್ವಜ ರೂಪುಗೊಂಡ ಕಾಲದ ಯಾವ ದಾಖಲೆಯ ಆಧಾರವೂ ಇಲ್ಲ. 1938ರಲ್ಲಿ ಅಂಗೀಕರಿಸಿದ ರಾಜಧಾನಿ ಜಿಲ್ಲೆಯ ಧ್ವಜ ಮಾತ್ರ ನೇರವಾಗಿ ಈ ಲಾಂಛನದ ಪಡಿಯಚ್ಚು. ಜಾರ್ಜ್ ವಾಷಿಂಗ್ಟನ್ ಅವರಿಗಂತೂ ವಂಶಾವಳಿಯಲ್ಲಿ ಅಂಥ ಆಸಕ್ತಿ ಇರಲಿಲ್ಲ. ಲಂಡನ್‌ನ ಲಾಂಛನಾಧಿಕಾರಿ ಐಸಾಕ್ ಹರ್ಡ್ ಪೂರ್ವಜರ ಬಗ್ಗೆ ವಿಚಾರಿಸಿ ಬರೆದ ಪತ್ರಕ್ಕೆ 1792ರಲ್ಲಿ ಉತ್ತರಿಸುತ್ತ, ಈ ವಿಷಯಕ್ಕೆ ತಾವು ಬಹಳ ಕಡಿಮೆ ಗಮನ ಕೊಟ್ಟಿರುವುದಾಗಿ ಒಪ್ಪಿಕೊಂಡಿದ್ದಾರೆ.

ಉತ್ತರ 3

ಪ್ರಶ್ನೆಯ ಎರಡನೆಯ ಭಾಗವನ್ನು ಇನ್ನೂ ಯಾರೂ ಮುಟ್ಟಿಲ್ಲ. ನನಗೆ ಅದೇ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಅಮೆರಿಕದ 2000ದ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಮನೆತನದ ಹೆಸರುಳ್ಳವರು 1,63,000ಕ್ಕೂ ಹೆಚ್ಚು ಮಂದಿ ಇದ್ದರು; ಅವರಲ್ಲಿ ಸುಮಾರು 90 ಪ್ರತಿಶತ ಕಪ್ಪು ಜನರು. ಜಾರ್ಜ್ ವಾಷಿಂಗ್ಟನ್ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. 1799ರಲ್ಲಿ ಅವರು ತೀರಿಕೊಂಡಾಗ ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ ತಮ್ಮ ಸ್ವಂತ ಒಡೆತನದಲ್ಲಿದ್ದ 123 ಮಂದಿಯನ್ನು ಬಿಡುಗಡೆ ಮಾಡಲು ಉಯಿಲಿನಲ್ಲಿ ಬರೆದಿದ್ದರು. ಇಂದಿನ ಕಪ್ಪು ವಾಷಿಂಗ್ಟನ್‌ಗಳೆಲ್ಲ ಈ 123 ಮಂದಿಯ ಸಂತತಿ ಎಂದು ಊಹಿಸುವುದು ತಪ್ಪಾಗುತ್ತದೆ. ಅಮೆರಿಕದ ಸ್ವಾತಂತ್ರ್ಯ ಸಮರದುದ್ದಕ್ಕೂ ಜಾರ್ಜ್ ವಾಷಿಂಗ್ಟನ್ ಅವರ ಪಕ್ಕದಲ್ಲೇ ಇದ್ದ ಆಪ್ತ ಸೇವಕ ವಿಲಿಯಮ್ ಲೀ ಕೂಡ ಹೊತ್ತದ್ದು ತನ್ನ ಹಿಂದಿನ ಒಡೆಯನ ಮನೆತನದ ಹೆಸರನ್ನೇ ಹೊರತು ವಾಷಿಂಗ್ಟನ್ ಎಂಬುದನ್ನಲ್ಲ.

ಆ ಎಸ್ಟೇಟಿನಿಂದ ಹೆಸರನ್ನು ಹೊತ್ತು ಹೊರಟ ಒಬ್ಬನ ಕಥೆ ಮಾತ್ರ ಮರೆಯುವಂಥದ್ದಲ್ಲ. ಆಫ್ರಿಕದಲ್ಲಿ ಹುಟ್ಟಿ ಮೌಂಟ್ ವರ್ನನ್‌ನಲ್ಲಿ ಗುಲಾಮನಾಗಿದ್ದ ಹ್ಯಾರಿ, ಸ್ವಾತಂತ್ರ್ಯ ಸಮರ ನಡೆದಿರುವಾಗಲೇ, 1776ರಲ್ಲಿ, ತಪ್ಪಿಸಿಕೊಂಡು ಬ್ರಿಟಿಷರ ಪಾಳೆಯವನ್ನು ಸೇರಿದ. 1783ರಲ್ಲಿ ನ್ಯೂಯಾರ್ಕಿನಿಂದ ಹೊರಟ ಹಡಗಿನಲ್ಲಿ ಇಂದಿನ ಕೆನಡಾದ ನೋವಾ ಸ್ಕೋಷಿಯಾಕ್ಕೆ, ಅಲ್ಲಿಂದ 1792ರಲ್ಲಿ ಸಿಯೆರಾ ಲಿಯೋನ್‌ಗೆ ಹೋದ. 1800ರಲ್ಲಿ ಅಲ್ಲಿನ ಬ್ರಿಟಿಷ್ ಕಂಪನಿಯ ಆಡಳಿತದ ವಿರುದ್ಧ ವಲಸಿಗರು ಬಂಡೆದ್ದಾಗ ಅವರ ಜೊತೆ ನಿಂತು ಗಡೀಪಾರಾದ. ತನ್ನನ್ನು ಗುಲಾಮನಾಗಿಟ್ಟುಕೊಂಡಿದ್ದವರ ಹೆಸರನ್ನೇ ಇಟ್ಟುಕೊಂಡು, ಅವರ ಸೇನೆಯ ಎದುರು ಪಕ್ಷದಲ್ಲಿ ದುಡಿದ ಈ ಹ್ಯಾರಿ ವಾಷಿಂಗ್ಟನ್‌ನನ್ನು ಪ್ರಸಿದ್ಧ ವಾಷಿಂಗ್ಟನ್‌ಗಳ ಪಟ್ಟಿಯಲ್ಲಿ ಮುಂದಿನ ಸಾಲಿನಲ್ಲಿಯೇ ಇಡಬೇಕೆಂಬುದು ನನ್ನ ಅಭಿಪ್ರಾಯ.

ಉಳಿದವರಲ್ಲಿ ಬಹುಪಾಲು ಜನರಿಗೆ ಹೆಸರು ಬಂದದ್ದು ಆಯ್ಕೆಯಿಂದ. ಗುಲಾಮರಿಗೆ ಕಾನೂನಿನ ಮನ್ನಣೆಯುಳ್ಳ ಮನೆತನದ ಹೆಸರಿರಲಿಲ್ಲ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಶಾಲೆ, ಮದುವೆ, ಮತದಾನ, ಭೂಮಿಯ ಕರಾರು ಎಲ್ಲಕ್ಕೂ ಎರಡನೆಯ ಹೆಸರು ಬೇಕಾಯಿತು. ಬುಕರ್ ವಾಷಿಂಗ್ಟನ್ ಅವರು ಆತ್ಮಕಥೆಯಲ್ಲಿ ಬರೆದಿರುವ ಪ್ರಸಂಗ ಇದಕ್ಕೆ ಸಾಕ್ಷಿ. 1856ರಲ್ಲಿ ಗುಲಾಮಳ ಮಗನಾಗಿ ಹುಟ್ಟಿದ ಅವರನ್ನು ಎಲ್ಲರೂ ಬರೀ ಬುಕರ್ ಎಂದೇ ಕರೆಯುತ್ತಿದ್ದರು. ಶಾಲೆಗೆ ಸೇರಿದಾಗ ಮೇಷ್ಟ್ರು ಹಾಜರಿ ಕರೆಯುವುದನ್ನು ಕೇಳಿದರೆ, ಉಳಿದ ಹುಡುಗರಿಗೆಲ್ಲ ಎರಡೆರಡು ಹೆಸರು, ಕೆಲವರಿಗೆ ಮೂರು! ತನ್ನ ಸರದಿ ಬರುವಷ್ಟರಲ್ಲಿ ಹುಡುಗ ಒಂದು ಉಪಾಯ ಯೋಚಿಸಿಕೊಂಡಿದ್ದ. ಪೂರ್ತಿ ಹೆಸರೇನೆಂದು ಮೇಷ್ಟ್ರು ಕೇಳಿದಾಗ, ಹುಟ್ಟಿದಾಗಿನಿಂದ ಅದೇ ಹೆಸರಿತ್ತೇನೋ ಎಂಬಂತೆ ನಿಶ್ಚಿಂತೆಯಿಂದ ‘ಬುಕರ್ ವಾಷಿಂಗ್ಟನ್’ ಎಂದ. ಅವರ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗ್ಯುಸನ್. ಅಂದರೆ ಒಂದು ಊರಿನ ಹೆಸರು ಮನೆತನದ ಹೆಸರಾಗಿ, ಅಧ್ಯಕ್ಷರ ಮೇಲಿನ ಗೌರವದಿಂದ ಮಕ್ಕಳಿಗಿಡುವ ಹೆಸರಾಗಿ, ಕೊನೆಗೆ ಒಬ್ಬ ಬಾಲಕನ ಜಾಣ್ಮೆಯಿಂದ ಮತ್ತೆ ಮನೆತನದ ಹೆಸರಾಯಿತು. ಅದೇ ಬಾಲಕ 1881ರಲ್ಲಿ ಟಸ್ಕೀಗಿ ವಿದ್ಯಾಸಂಸ್ಥೆಯ ಮೊದಲ ಮುಖ್ಯಸ್ಥರಾದರು.

ನೀವು ಹೆಸರಿಸಿದ ಡೈನಾ ವಾಷಿಂಗ್ಟನ್ ಅವರದೂ ಹುಟ್ಟುಹೆಸರಲ್ಲ. ಅವರು ರೂತ್ ಜೋನ್ಸ್ ಆಗಿ ಹುಟ್ಟಿದವರು.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕೊನೆಯದಾಗಿ ಒಂದು ಸಂದೇಹ: ಇಂಗ್ಲೆಂಡಿನಲ್ಲೇ ಇರುವ ವಾಷಿಂಗ್ಟನ್‌ಗಳನ್ನಾದರೂ ಡರಮ್‌ನ ವಿಲಿಯಮ್‌ನ ವಂಶಸ್ಥರೆಂದು ಧೈರ್ಯವಾಗಿ ಹೇಳಬಹುದೇ?

ಉತ್ತರ 1 ಬರೆದವರು

ಹಾಗೆ ಹೇಳಲು ಬರುವುದಿಲ್ಲ. ಮೊದಲನೆಯದಾಗಿ, ದಕ್ಷಿಣದ ಸಸೆಕ್ಸ್‌ನಲ್ಲಿಯೂ ವಾಷಿಂಗ್ಟನ್ ಎಂಬ ಹಳ್ಳಿಯಿದೆ, ಅದೂ ಹಳೆಯದೇ. 1086ರ ಡೂಮ್ಸ್‌ಡೇ ಎಂಬ ಭೂಗಣತಿಯ ದಾಖಲೆಯಲ್ಲಿ ಅದರ ಹೆಸರಿದೆ. ಎರಡನೆಯದಾಗಿ, ಊರಿನ ಹೆಸರು ಒಡೆಯನಿಗೆ ಮಾತ್ರ ಮೀಸಲಾಗಿರಲಿಲ್ಲ. ಊರಿನೊಳಗೆ ಇರುವವರೆಗೆ ಯಾರನ್ನೂ ಆ ಊರಿನ ಹೆಸರಿನಿಂದ ಕರೆಯುವ ಅಗತ್ಯವಿರುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಅದೇ ಊರಿನವರು. ಅಲ್ಲಿಂದ ಹೊರಟು ಬೇರೆ ಕಡೆ ನೆಲೆಸಿದ ಒಬ್ಬ ಕೂಲಿಯವನನ್ನೋ ಕಮ್ಮಾರನನ್ನೋ ಹೊಸ ನೆರೆಹೊರೆಯವರು ‘ವಾಷಿಂಗ್ಟನ್‌ನವನು’ ಎಂದು ಗುರುತಿಸಿದರೆ, ಅದೇ ಅವನ ಮಕ್ಕಳ ಹೆಸರಾಗಿ ನಿಲ್ಲುತ್ತಿತ್ತು. ರಕ್ತಸಂಬಂಧವೇ ಇಲ್ಲದ ಹಲವು ಮನೆಗಳಿಗೆ ಒಂದೇ ಹೆಸರು ಬಂದಿರುವುದು ಹೀಗೆ. ವಂಶದ ಮಾತನ್ನು ಹೆಸರಿನಿಂದ ತೀರ್ಮಾನಿಸಲಾಗದು. ಚರ್ಚಿನ ದಾಖಲೆ, ಉಯಿಲು, ಭೂಮಿಯ ಪತ್ರಗಳನ್ನು ತಲೆಮಾರು ತಲೆಮಾರಾಗಿ ಹಿಂದಕ್ಕೆ ಹಿಡಿದುಕೊಂಡೇ ಹೋಗಬೇಕು.

ಡರಮ್‌ನ ಊರಿಗೆ ಹೋಗುವ ಅವಕಾಶ ಸಿಕ್ಕರೆ ವಾಷಿಂಗ್ಟನ್ ಓಲ್ಡ್ ಹಾಲ್ ನೋಡಿ. ಹಿಂದಿನ ಕಾಲದ ಆ ದೊಡ್ಡ ಮನೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬಡ ಸಂಸಾರಗಳ ಬಾಡಿಗೆ ಬಿಡಾರವಾಗಿತ್ತು; 1933ರಲ್ಲಿ ಅದು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಣೆಯಾಯಿತು. ಕೆಡವಿಬಿಡುವುದರಲ್ಲಿದ್ದ ಕಟ್ಟಡವನ್ನು ಸ್ಥಳೀಯರೇ ಮುಂದೆ ನಿಂತು ಉಳಿಸಿಕೊಂಡರು, ಮತ್ತು 1957ರಿಂದ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ.