ಹಳೆ ವಿದ್ಯಾರ್ಥಿಗಳ ಬಳಿ ಶಾಲೆಗೆ ದೇಣಿಗೆ ಕೇಳುವ ಮೊದಲು

ಪ್ರಶ್ನೆ – ಆಡಳಿತ ಮಂಡಳಿ ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ನಮಸ್ಕಾರ. ನಮ್ಮದು ಟ್ರಸ್ಟ್ ನಡೆಸುವ ಅನುದಾನರಹಿತ ಪ್ರೌಢಶಾಲೆ. ಸುವರ್ಣ ಮಹೋತ್ಸವದ ಹೊತ್ತಿಗೆ ವಿಜ್ಞಾನ ಪ್ರಯೋಗಾಲಯ ಮತ್ತು ಎರಡು ಕೊಠಡಿ ಕಟ್ಟಬೇಕು, ಅಂದಾಜು 40 ಲಕ್ಷ ರೂ. ಟ್ರಸ್ಟಿಗೆ ಆದಾಯ ತೆರಿಗೆಯ 12ಎ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ), 80ಜಿ (ದಾನಿಗೆ ವಿನಾಯಿತಿ) ನೋಂದಣಿ ಎರಡೂ ಇವೆ. ಹಳೆ ವಿದ್ಯಾರ್ಥಿಗಳ ಸಂಘ ಬೇರೆಯೇ ನೋಂದಣಿಯಾಗಿದೆ, ಅದಕ್ಕೆ 80ಜಿ ಇಲ್ಲ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ತಲಾ 5,000 ಕೊಡಿ’ ಎಂದು ಹಾಕಿ ಖಜಾಂಚಿಯವರ ಯುಪಿಐ ನಂಬರ್ ಕೊಟ್ಟೆವು. ಎರಡು ತಿಂಗಳಲ್ಲಿ 37 ಜನ ಕೊಟ್ಟಿದ್ದಾರೆ, 1.85 ಲಕ್ಷ. ತಪ್ಪಿದ್ದೆಲ್ಲಿ?

ಉತ್ತರ – ಹಳೆ ವಿದ್ಯಾರ್ಥಿ ಸಂಪರ್ಕ ಮತ್ತು ನಿಧಿ ಸಂಗ್ರಹ

ಸಾರ್, ತಪ್ಪಿದ್ದು ‘ತಲಾ’ ಎಂಬ ಪದದಲ್ಲಿ. ಎರಡು ಲಕ್ಷ ಕೊಡಬಲ್ಲವರು 5,000 ಕಳಿಸಿ ‘ನನ್ನ ಪಾಲು ಮುಗಿಯಿತು’ ಎಂದು ಕೂತರು. 500 ಕೊಡಬೇಕೆಂದಿದ್ದವರು ಮುಜುಗರಪಟ್ಟು ಸುಮ್ಮನಾದರು. ಗುಂಪಿನಲ್ಲಿ ಕೇಳಿದ್ದು ಯಾರನ್ನೂ ಕೇಳಿದಂತಾಗುವುದಿಲ್ಲ.

40 ಲಕ್ಷವನ್ನು ಹೀಗೆ ಒಡೆದು ನೋಡಿ. 8 ಲಕ್ಷ ಕೊಡುವವರು ಒಬ್ಬರು. ತಲಾ 4 ಲಕ್ಷದವರು ಇಬ್ಬರು, 2 ಲಕ್ಷದವರು ನಾಲ್ವರು, 1 ಲಕ್ಷದವರು ಎಂಟು ಜನ. ಇಷ್ಟಕ್ಕೇ 32 ಲಕ್ಷವಾಯಿತು. 25,000 ಕೊಡುವವರು 16 ಜನ ಸಿಕ್ಕರೆ ಇನ್ನು 4 ಲಕ್ಷ. ಉಳಿದ 4 ಲಕ್ಷಕ್ಕೆ ತಲಾ 2,000ದಂತೆ 200 ಜನ ಸಾಕು, ವಾಟ್ಸ್ಆ್ಯಪ್ ಕೆಲಸಕ್ಕೆ ಬರುವುದು ಈ ಕೊನೆಯ ಮೆಟ್ಟಿಲಿಗೆ ಮಾತ್ರ. ಮೇಲಿನ 15 ಜನರನ್ನು ಮನೆಗೋ ಕಚೇರಿಗೋ ಹೋಗಿ ಕಾಣಬೇಕು. ಒಬ್ಬರು ಒಪ್ಪಬೇಕಾದರೆ ಮೂರು ನಾಲ್ಕು ಹೆಸರು ಪಟ್ಟಿಯಲ್ಲಿರಲಿ, ಅಂದರೆ 50–60 ಭೇಟಿ. ಒಬ್ಬ ಸಹಪಾಠಿ, ಒಬ್ಬ ಮಂಡಳಿ ಸದಸ್ಯ ಜೊತೆಯಾಗಿ ಹೋಗಲಿ. ಕಲಿಸಿದ ಮೇಷ್ಟ್ರು ಬರಲೊಪ್ಪಿದರೆ ಇನ್ನೂ ಒಳ್ಳೆಯದು, ಆದರೆ ದುಡ್ಡಿನ ಮಾತನ್ನು ಅವರ ಬಾಯಿಂದ ಆಡಿಸಬೇಡಿ. ಕೈಯಲ್ಲಿ ಎಂಜಿನಿಯರ್ ಅಂದಾಜು ಪಟ್ಟಿ, ನಕ್ಷೆ, ಕಳೆದ ಮೂರು ವರ್ಷದ ಆಡಿಟ್ ವರದಿ ಇರಬೇಕು. ‘ತೋಚಿದಷ್ಟು ಕೊಡಿ’ ಅನ್ನಬೇಡಿ. ‘ಪ್ರಯೋಗಾಲಯದ ಮೇಜು, ಸಿಂಕ್, ಗ್ಯಾಸ್ ಪೈಪಿಗೆ 4 ಲಕ್ಷ ಆಗುತ್ತೆ, ಅದನ್ನು ತಾವು ವಹಿಸಿಕೊಳ್ಳಬಹುದೇ’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಆ ಮೌನ ತಡೆಯಲಾಗದೆ ‘ಆಗದಿದ್ದರೆ ಒಂದು ಲಕ್ಷವಾದರೂ’ ಎಂದು ನಾವೇ ಇಳಿಸಿಬಿಡುವುದು ಎಲ್ಲ ಕಡೆ ನಡೆಯುವ ಎಡವಟ್ಟು.

ಅರ್ಧದಷ್ಟು, ಅಂದರೆ 20 ಲಕ್ಷ ಖಾತೆಗೆ ಬೀಳುವ ತನಕ ಕರಪತ್ರ ಅಚ್ಚು ಹಾಕಿಸಬೇಡಿ. ಮಾತು ಕೊಟ್ಟಿದ್ದು ಬೇರೆ, ಜಮಾ ಆಗಿದ್ದು ಬೇರೆ. ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ.

ಇದಕ್ಕೆಲ್ಲ ಮೊದಲು ಪಟ್ಟಿ ಬೇಕಲ್ಲ, ಅದು ನಿಮ್ಮ ಬೀರುವಿನಲ್ಲೇ ಇದೆ. ದಾಖಲಾತಿ ರಿಜಿಸ್ಟರ್ ಮತ್ತು ಟಿ.ಸಿ. ಪುಸ್ತಕದಿಂದ ಎಕ್ಸೆಲ್‌ಗೆ ಏರಿಸಿ: ದಾಖಲಾತಿ ಸಂಖ್ಯೆ, ಶಾಲೆಯಲ್ಲಿದ್ದ ಹೆಸರು, ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ವರ್ಷ, ಈಗಿನ ಹೆಸರು, ಊರು, ಮೊಬೈಲ್, ಇಮೇಲ್, ಪೌರತ್ವ, ಸಂಪರ್ಕಿಸಲು ಒಪ್ಪಿಗೆ ಕೊಟ್ಟ ದಿನಾಂಕ. ‘ಈಗಿನ ಹೆಸರು’ ಕಾಲಂ ಬಿಟ್ಟರೆ ಹೆಣ್ಣುಮಕ್ಕಳು ಕೈಬಿಟ್ಟು ಹೋಗುತ್ತಾರೆ. ಮದುವೆಯಾದ ಮೇಲೆ ಇನಿಷಿಯಲ್ಲೂ ಊರೂ ಬದಲಾಗಿರುತ್ತವೆ, ಗಂಡುಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರು ಇರುವುದೇ ಇಲ್ಲ. ಅದಕ್ಕೇ ಪ್ರತಿ ವರ್ಷದ ಬ್ಯಾಚಿಗೆ ಇಬ್ಬರು ಪ್ರತಿನಿಧಿಗಳು, ಒಬ್ಬರು ಮಹಿಳೆ. ತವರುಮನೆಯ ಕಡೆಯಿಂದ ಹುಡುಕಿದರೆ ಬೇಗ ಸಿಗುತ್ತಾರೆ. ಆಧಾರ್ ಸಂಖ್ಯೆಯನ್ನಂತೂ ಈ ಹಂತದಲ್ಲಿ ಕೇಳಲೇಬೇಡಿ.

ಉತ್ತರ – ಲೆಕ್ಕಪರಿಶೋಧಕರು

ಖಜಾಂಚಿಯವರ ಖಾತೆಯಲ್ಲಿರುವ 1.85 ಲಕ್ಷವನ್ನು ಈ ವಾರವೇ ಟ್ರಸ್ಟ್ ಖಾತೆಗೆ ವರ್ಗಾಯಿಸಿ, 37 ಜನರ ಹೆಸರು, ದಿನಾಂಕ, ಮೊತ್ತ, ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಇರುವ ಪಟ್ಟಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಇನ್ನು ಮುಂದೆ ಟ್ರಸ್ಟ್ ಹೆಸರಿನ ಕ್ಯೂಆರ್ ಮಾತ್ರ. ಸಂಘದ ಖಾತೆಗೂ ಹಾಕಿಸಬೇಡಿ. ಸಂಘಕ್ಕೆ ಬಂದ ಹಣವನ್ನು ಸಂಘ ಟ್ರಸ್ಟಿಗೆ ಕೊಟ್ಟರೆ ಸಂಘವೇ ದಾನಿಯಾಗುತ್ತದೆ, ವ್ಯಕ್ತಿಗೆ 80ಜಿ ಸಿಗುವುದಿಲ್ಲ.

ಕ್ಯೂಆರ್ ಒಂದೇ ಸಾಲದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ವಿಳಾಸ, ಪ್ಯಾನ್ ಬರುವುದಿಲ್ಲ. ಹಣ ಹಾಕಿದ ಕೂಡಲೇ ತುಂಬುವ ಒಂದು ಗೂಗಲ್ ಫಾರ್ಮ್ ಇಡಿ: ಹೆಸರು, ವಿಳಾಸ, ಪ್ಯಾನ್, ಮೊತ್ತ, ವಹಿವಾಟು ಸಂಖ್ಯೆ, ಉದ್ದೇಶ. ದಿನವೂ ತಾಳೆ ನೋಡಿ. ವಾರ ಬಿಟ್ಟರೆ ‘ಇದು ಯಾವ ಮಂಜುನಾಥ’ ಎಂದು ಹುಡುಕುತ್ತಾ ಕೂರಬೇಕು. ಹೆಸರು ವಿಳಾಸದ ದಾಖಲೆಯಿಲ್ಲದ ದೇಣಿಗೆಯನ್ನು ಅನಾಮಧೇಯ ಎಂದು ಎಣಿಸುತ್ತಾರೆ. ಅದು ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ. 30 ತೆರಿಗೆ.

2025-26ರ ಸಾಲಿನ ದೇಣಿಗೆಗಳ ವಿವರವನ್ನು ಫಾರಂ 10ಬಿಡಿಯಲ್ಲಿ 2026ರ ಮೇ 31ರೊಳಗೆ ಸಲ್ಲಿಸಬೇಕು. ಸಲ್ಲಿಸಿದ ಮೇಲೆ ಪೋರ್ಟಲ್‌ನಿಂದ ಇಳಿಯುವ 10ಬಿಇ ಪ್ರಮಾಣಪತ್ರವೇ ದಾನಿಗೆ ಆಧಾರ. ನಿಮ್ಮ ರಸೀದಿ ಪುಸ್ತಕದ ಹಾಳೆ ಸಾಲದು. ತಡವಾದರೆ ದಿನಕ್ಕೆ 200 ರೂ. ಶುಲ್ಕ, ಸಲ್ಲಿಸದೇ ಇದ್ದರೆ 10,000ದಿಂದ 1 ಲಕ್ಷದವರೆಗೆ ದಂಡ. ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ದಾನಿಯ ರಿಟರ್ನ್ಸ್‌ನಲ್ಲಿ ಹೊಂದುವುದಿಲ್ಲ, ಆಗ ತಿದ್ದುಪಡಿ ಸಲ್ಲಿಸಬಹುದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಹಾಗಾಗಿ 2026-27ರ ಸಾಲಿನಿಂದ ಸೆಕ್ಷನ್ ಸಂಖ್ಯೆಗಳು ಬೇರೆ.

ದಾನಿಗಳಿಗೆ ಸುಳ್ಳು ಆಸೆ ಹುಟ್ಟಿಸಬೇಡಿ. ತೆರಿಗೆ ವಿನಾಯಿತಿ ಸಿಗುವುದು ಕೊಟ್ಟ ಮೊತ್ತದ ಅರ್ಧಕ್ಕೆ ಮಾತ್ರ, ಅದಕ್ಕೂ ಆದಾಯದ ಶೇ. 10ರ ಮಿತಿ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಏನೂ ಇಲ್ಲ, ಈಗ ಸಂಬಳದಾರರಲ್ಲಿ ಬಹಳ ಮಂದಿ ಅಲ್ಲೇ ಇದ್ದಾರೆ. ನಗದು 2,000 ದಾಟಿದರೂ ಇಲ್ಲ. ಬೆಂಚು, ಕಂಪ್ಯೂಟರ್ ಕೊಟ್ಟರೂ ಇಲ್ಲ, ಹಣಕ್ಕೆ ಮಾತ್ರ. ಸ್ಮರಣ ಸಂಚಿಕೆಯ ಜಾಹೀರಾತು, ಸಮಾರಂಭದ ಊಟದ ಕೂಪನ್ ದೇಣಿಗೆಯಲ್ಲ. ಅವಕ್ಕೆ 80ಜಿ ರಸೀದಿ ಹರಿದುಕೊಟ್ಟರೆ ಟ್ರಸ್ಟಿನ ನೋಂದಣಿಗೇ ಸಂಚಕಾರ. ಶಾಮಿಯಾನ, ಊಟದ ಖರ್ಚಿನ ಖಾತೆಯನ್ನು ಕಟ್ಟಡ ನಿಧಿಯಿಂದ ಬೇರೆ ಇಡಿ.

ಕಟ್ಟಡಕ್ಕೆ ದೊಡ್ಡ ಮೊತ್ತ ಕೊಡುವವರಿಂದ ಒಂದು ಪತ್ರ ಬರೆಸಿಕೊಳ್ಳಿ: ‘ಈ ಮೊತ್ತವನ್ನು ಟ್ರಸ್ಟಿನ ಮೂಲನಿಧಿಗೆ, ಪ್ರಯೋಗಾಲಯ ಕಟ್ಟಡಕ್ಕೆಂದು ಕೊಟ್ಟಿದ್ದೇನೆ’. ಪತ್ರವಿಲ್ಲದಿದ್ದರೆ ಅದು ಆ ವರ್ಷದ ಆದಾಯ, ಶೇ. 85ರಷ್ಟನ್ನು ಬಳಸಿ ತೋರಿಸಬೇಕು. ಮಾರ್ಚ್‌ನಲ್ಲಿ 10 ಲಕ್ಷ ಬಂದರೆ ಹದಿನೈದು ದಿನದಲ್ಲಿ ಗೋಡೆ ಏಳುತ್ತದೆಯೇ? ಕೆಲಸ ಶುರುವಾಗುವವರೆಗೆ ಆ ನಿಧಿ ಬ್ಯಾಂಕ್ ಠೇವಣಿಯಂಥ, ಕಾಯ್ದೆ ಒಪ್ಪುವ ಹೂಡಿಕೆಯಲ್ಲೇ ಇರಬೇಕು.

ಮರುಪ್ರಶ್ನೆ – ಹಳೆ ವಿದ್ಯಾರ್ಥಿ, ಬೆಂಗಳೂರು

ಸಾರ್, ನಮ್ಮ ಬ್ಯಾಚಿನ ಆರು ಜನ ಅಮೆರಿಕದಲ್ಲಿದ್ದಾರೆ. ಅವರ ಹಣ ನನ್ನ ಖಾತೆಗೆ ತರಿಸಿ ನಾನು ಶಾಲೆಗೆ ಹಾಕಿದರೆ ಆಗದೇ?

ಉತ್ತರ – ಲೆಕ್ಕಪರಿಶೋಧಕರು

ಆಗದು. ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಕಡತದಲ್ಲಿಟ್ಟು ಟ್ರಸ್ಟಿನ ಮಾಮೂಲಿ ಖಾತೆಗೇ ತೆಗೆದುಕೊಳ್ಳಿ. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಲೆಕ್ಕದಲ್ಲಿ ವಿದೇಶಿಯರು. ಇಲ್ಲಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಮಧ್ಯೆ ಒಬ್ಬರಲ್ಲ, ನಾಲ್ವರ ಕೈ ದಾಟಿ ಬಂದರೂ ಮೂಲ ವಿದೇಶಿಯಾದರೆ ವಿದೇಶಿ ದೇಣಿಗೆಯೇ ಎಂದು 2010ರ ಈ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿನ ನೋಂದಾಯಿತ ಚಾರಿಟಿ ಮೂಲಕ ಕಳಿಸಿದರೂ ಇಲ್ಲಿ ಪಡೆಯುವ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆಗೆ ಕನಿಷ್ಠ ಮೂರು ವರ್ಷವಾಗಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು, ಹಣ ಮೊದಲು ಇಳಿಯುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆರು ಜನರಿಗಾಗಿ ಇಷ್ಟು ಓಡಾಟ ಬೇಕೇ ಎಂದು ಮಂಡಳಿ ತೀರ್ಮಾನಿಸಲಿ. ಅವರು ಹಣವನ್ನೇ ಕೊಡಬೇಕೆಂದಿಲ್ಲ, ಬ್ಯಾಚಿನ ಪಟ್ಟಿ ಪೂರ್ತಿ ಮಾಡಿಸಲು ಅವರಷ್ಟು ಆಸಕ್ತಿ ಊರಲ್ಲಿರುವವರಿಗೆ ಇರುವುದಿಲ್ಲ.

ಮರುಪ್ರಶ್ನೆ – ಶಿಕ್ಷಕಿ, ಹಾಸನ

ಈಗ ಓದುತ್ತಿರುವ ಮಕ್ಕಳ ಪೋಷಕರ ಹತ್ತಿರವೂ ಕೇಳಬಹುದೇ ಮೇಡಂ? ಮತ್ತೆ, ನಮ್ಮಲ್ಲಿ ಹಳೆಯ ದತ್ತಿನಿಧಿಗಳು ಮೂವತ್ತಕ್ಕಿಂತ ಹೆಚ್ಚಿವೆ. ಬಹುಮಾನ ಕೊಡುವುದೇ ತಲೆನೋವಾಗಿದೆ.

ಉತ್ತರ – ಹಳೆ ವಿದ್ಯಾರ್ಥಿ ಸಂಪರ್ಕ ಮತ್ತು ನಿಧಿ ಸಂಗ್ರಹ

ದಾಖಲಾತಿ ನಡೆಯುವ ತಿಂಗಳುಗಳಲ್ಲಿ ಪೋಷಕರ ಹತ್ತಿರ ದೇಣಿಗೆಯ ಮಾತೇ ಬೇಡ ಮೇಡಂ. ಸೀಟಿಗೆ ತಳುಕು ಹಾಕಿಕೊಂಡ ಹಣ ಕ್ಯಾಪಿಟೇಷನ್ (ಪ್ರವೇಶಕ್ಕೆಂದು ವಸೂಲಿ ಮಾಡಿದ ಹಣ) ಆಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದಕ್ಕೆ ಹತ್ತು ಪಟ್ಟಿನವರೆಗೆ ದಂಡವಿದೆ.

ದತ್ತಿಯ ಕಥೆ ಎಲ್ಲ ಹಳೆ ಶಾಲೆಗಳದ್ದೂ ಹೌದು. ಯಾವಾಗಲೋ ಇಟ್ಟ 5,000ಕ್ಕೆ ಶೇ. 6.5ರಂತೆ ವರ್ಷಕ್ಕೆ 325 ರೂ. ಬಡ್ಡಿ. ಪ್ರಮಾಣಪತ್ರ, ಫ್ರೇಮು, ವೇದಿಕೆಯಲ್ಲಿ ಹೆಸರು ಓದುವ ಹೊತ್ತು ಲೆಕ್ಕ ಹಾಕಿದರೆ ಶಾಲೆಯೇ ಕೈಯಿಂದ ಹಾಕಬೇಕು. ಹೊಸ ದತ್ತಿಗೆ ಕನಿಷ್ಠ 50,000 ಎಂದು ಠರಾವು ಮಾಡಿ. ಬಡ್ಡಿಯ ಮುಕ್ಕಾಲು ಭಾಗ ಬಹುಮಾನಕ್ಕೆ ಹೋಗಲಿ, ಕಾಲು ಭಾಗ ಅಸಲಿಗೆ ಸೇರಲಿ, ಇಲ್ಲದಿದ್ದರೆ ಇದೂ ಇಪ್ಪತ್ತು ವರ್ಷಕ್ಕೆ ಅದೇ ಗತಿ. ಹಳೆಯ ದತ್ತಿ ಇಟ್ಟವರ ಮನೆಯವರಿಗೆ ಪತ್ರ ಬರೆದು ಎರಡು ದಾರಿ ಮುಂದಿಡಿ: ವ್ಯತ್ಯಾಸ ತುಂಬಿಕೊಡುವುದು, ಅಥವಾ ಒಂದೇ ವಿಷಯದ ನಾಲ್ಕೈದು ದತ್ತಿ ಕೂಡಿಸಿ ಎಲ್ಲ ಹೆಸರೂ ಇರುವ ಒಂದೇ ಬಹುಮಾನ ಮಾಡುವುದು. ಉತ್ತರ ಬಂದ ಪತ್ರ ಕಡತದಲ್ಲಿರಲಿ. ದಾನಿ ಬರೆದುಕೊಟ್ಟ ಷರತ್ತನ್ನು ಮಂಡಳಿ ತಾನೇ ಬದಲಿಸಬಾರದು. ಹೊಸ ದತ್ತಿ ಪತ್ರದಲ್ಲಿ ‘ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ’ ಎಂದಷ್ಟೇ ಬರೆಸಿ ನಿಲ್ಲಿಸಬೇಡಿ. ಇಬ್ಬರು ಸಮ ಬಂದರೆ ಏನು, ಆ ವಿಷಯವೇ ಪಠ್ಯದಿಂದ ಹೋದರೆ ಏನು, ಶಾಲೆ ಮುಚ್ಚಿದರೆ ಅಸಲು ಯಾರಿಗೆ ಎಂಬ ಮೂರು ಸಾಲನ್ನೂ ಬರೆಸಿ, ಆಮೇಲೆ ಸಹಿ ತೆಗೆದುಕೊಳ್ಳಿ.